ಕ್ಯಾಪ್ಸೂಲಿನ ಧರ್ಮಸೂಕ್ಷ್ಮ

ವಿಟಮಿನ್‌ಗಳು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಬಲ್ಲವೇ ಎಂಬುದು ಮೇಲ್ನೋಟಕ್ಕೆ ಪ್ರಯೋಗಾಲಯದ ಪ್ರಶ್ನೆ. ಅವನ್ನು ತುಂಬಿದ ಕ್ಯಾಪ್ಸೂಲ್ ಯಾವುದರಿಂದ ಆಗಿದೆ ಎಂದು ವಿಚಾರಿಸುವವರಿಗೆ ಅದು ಧರ್ಮದ ಪ್ರಶ್ನೆಯೂ ಹೌದು. ಪುಣೆಯ ದಕ್ಷಿಣಕ್ಕಿರುವ ಕೊಂಢವಾದಲ್ಲಿ ಮುಸ್ಲಿಮರೂ ಜೈನರೂ ಸಸ್ಯಾಹಾರಿ ಹಿಂದೂಗಳೂ ನೆರೆಹೊರೆಯವರು. ಅಲ್ಲಿನ ಮೆಡಿಕಲ್ ಅಂಗಡಿಯ ಒಂದೇ ಡಬ್ಬಿ ಮೂರು ಶಾಸ್ತ್ರಗಳ ಮುಂದೆ ನಿಲ್ಲಬೇಕಾಗುತ್ತದೆ. ಮೆತ್ತನೆಯ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಟಿನ್. ದನದ ಇಲ್ಲವೇ ಹಂದಿಯ ಚರ್ಮ, ಮೂಳೆಗಳಿಂದ ತೆಗೆದದ್ದು. ಒಳಗಿನ ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಡಿ2 ಯೀಸ್ಟಿನಿಂದ ಬರುವುದರಿಂದ ಸಸ್ಯಾಹಾರಿಗೆ ಸಮಾಧಾನ, ಕಟ್ಟುನಿಟ್ಟಿನ ಜೈನರಿಗೆ ಅದೂ ಸಂಶಯವೇ.

ಈ ಮೂರೂ ಪರಂಪರೆಗಳು ಇಕ್ಕಟ್ಟಿನ ಹೊತ್ತಿಗೆ ಬಾಗಿಲು ತೆರೆದಿಟ್ಟಿವೆ. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಅದು ‘ಜರೂರತ್’: ಪ್ರಾಣಕ್ಕೆ ಕುತ್ತು ಬಂದಾಗ ನಿಷಿದ್ಧವೂ ಸಲ್ಲುತ್ತದೆ, ಆದರೆ ಅಗತ್ಯವಿದ್ದಷ್ಟು ಮಾತ್ರ. ಜೈನರಲ್ಲಿ ಉತ್ಸರ್ಗದ, ಅಂದರೆ ಸಾಮಾನ್ಯ ನಿಯಮದ, ಪಕ್ಕದಲ್ಲಿ ಅಪವಾದವೆಂಬ ವಿನಾಯಿತಿಯಿದೆ. ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ ಇದನ್ನು ಎಲ್ಲಕ್ಕಿಂತ ನಿಖರವಾಗಿ ಹಿಡಿಯುತ್ತದೆ. ಬೆಳೆ ಹಾಳಾದ ಕುರುದೇಶದಲ್ಲಿ ಹಸಿದ ಉಷಸ್ತಿ ಮಾವುತನೊಬ್ಬನ ಎಂಜಲು ಕಾಳನ್ನು ಬೇಡಿ ತಿನ್ನುತ್ತಾನೆ. ಅದೇ ಮಾವುತ ನೀರು ಕೊಡಲು ಬಂದರೆ ಒಲ್ಲೆನೆನ್ನುತ್ತಾನೆ. ಕಾಳಿಲ್ಲದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇರೆ ಕಡೆಯೂ ಸಿಗುತ್ತದೆ.

ಆದ್ದರಿಂದ ವಿನಾಯಿತಿ ಬೇಕೆನ್ನುವವರು ಮೊದಲು ಕಾಳು ಯಾವುದು, ನೀರು ಯಾವುದು ಎಂದು ತಿಳಿಯಬೇಕು. ಅದನ್ನು ಹೇಳಬೇಕಾದದ್ದು ವಿಜ್ಞಾನ, ಅದರ ಉತ್ತರವೂ ಸರಳವಾಗಿಲ್ಲ. ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಲ್ಲಿರುವಂಥ ಕೋಶಭಂಡಾರಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕುವ ಪೋಷಕ ದ್ರವದಲ್ಲೇ ಥಯಾಮಿನ್, ರೈಬೊಫ್ಲೇವಿನ್, ಫೋಲಿಕ್ ಆಮ್ಲ ಬೆರೆತಿರುತ್ತವೆ. ಒಳ್ಳೆಯ ಕೋಶಕ್ಕೆ ಉಣಿಸಿದ್ದು ಕೆಟ್ಟ ಕೋಶಕ್ಕೂ ಊಟವೇ. 1948ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನ ಕಂಡದ್ದು ಫೋಲಿಕ್ ಆಮ್ಲ ಕೊಟ್ಟಲ್ಲ. ಅದರ ವೇಷ ಹಾಕಿ ಅದರ ಕೆಲಸ ಕೆಡಿಸುವ ಅಮಿನೊಪ್ಟೆರಿನ್ ಕೊಟ್ಟು. ಆ ಔಷಧವನ್ನು ತಯಾರಿಸಿದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಅವರ ತಂಡ.

ಎ ವಿಟಮಿನ್ನಿನ ಕಥೆ ಬೇರೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೀಮಿಯಾದಲ್ಲಿ ಬಿಳಿ ರಕ್ತಕಣಗಳು ಎಳವೆಯಲ್ಲೇ ನಿಂತು ಹೆಚ್ಚುತ್ತಾ ಹೋಗುತ್ತವೆ. ಎ ವಿಟಮಿನ್ನಿನ ಒಂದು ರೂಪವಾದ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ ಅವನ್ನು ನೇರವಾಗಿ ಕೊಲ್ಲುವುದಿಲ್ಲ, ಬಲಿಯುವಂತೆ ಮಾಡುತ್ತದೆ. ಬಲಿತ ಕಣ ತನ್ನ ಆಯುಸ್ಸು ಮುಗಿಸಿ ಸಾಯುತ್ತದೆ. ಕೋಶ ಸ್ವಧರ್ಮಕ್ಕೆ ಮರಳಿತು ಎನ್ನುವ ಆಸೆಯಾಗುತ್ತದೆ. ಆ ರೂಪಕ ರೋಗಿ ಧರ್ಮ ತಪ್ಪಿದನೆಂಬ ಅರ್ಥಕ್ಕೆ ಜಾರದಿದ್ದರೆ ಸಾಕು. ಶಾಂಘೈಯಲ್ಲಿ ವಾಂಗ್ ಝೆನ್‌ಯಿ ಅವರ ತಂಡ 24 ರೋಗಿಗಳ ಮೇಲಿನ ಫಲಿತಾಂಶವನ್ನು 1988ರಲ್ಲಿ ಪ್ರಕಟಿಸಿತು. ಎಲ್ಲರಲ್ಲೂ ರೋಗ ಇಳಿದಿತ್ತು, ಒಬ್ಬರಿಗೆ ಮಾತ್ರ ಇನ್ನೊಂದು ಔಷಧವೂ ಬೇಕಾಗಿತ್ತು. ಈಗ ಇದರ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ, ಅಂದರೆ ನಾಟಿ ವೈದ್ಯದ ಪಾಷಾಣ. ಯುಕ್ತಿಯಿಂದ ಬಳಸಿದರೆ ವಿಷವೂ ಔಷಧ, ತಪ್ಪಾಗಿ ಬಳಸಿದರೆ ಔಷಧವೂ ವಿಷ ಎಂಬ ಚರಕನ ನಿಲುವಿಗೆ ಇದಕ್ಕಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ.

ಚರಕನ ಎರಡನೆಯ ಮಾತಿಗೆ ನಿದರ್ಶನ ಫಿನ್ಲೆಂಡಿನದು. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ದೇಹದಲ್ಲಿ ಎ ವಿಟಮಿನ್ ಆಗುವ ಬೀಟಾ ಕ್ಯಾರೊಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂದಿತ್ತು (1994). ಡಿ ವಿಟಮಿನ್ನಿನ ಸಕ್ರಿಯ ರೂಪ ಗಾಜಿನ ತಟ್ಟೆಯಲ್ಲಿ ಹಲವು ಬಗೆಯ ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ನಿಧಾನಿಸುವುದು ನಿಜ. ಆದರೆ ಅಮೆರಿಕದ 25,871 ಮಂದಿಯ ಮೇಲಿನ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ಡಿ3 ತೆಗೆದುಕೊಂಡವರಿಗೆ ಕ್ಯಾನ್ಸರ್ ಬರುವುದೇನೂ ಕಡಿಮೆಯಾಗಲಿಲ್ಲ. ಸಾವು ತಗ್ಗಬಹುದೆಂಬ ಸುಳಿವು ಕಂಡರೂ ಅದು ಖಚಿತಪಟ್ಟಿಲ್ಲ.

ಹೀಗಿರುವಾಗ ಕ್ಯಾನ್ಸರ್ ಬಾರದಿರಲೆಂದು ಕೊಳ್ಳುವ ಡಬ್ಬಿಗೆ ಜರೂರತ್ತಿನ ಹೆಸರು ಹೇಳುವಂತಿಲ್ಲ; ಅದು ಮಾವುತನ ನೀರು. ರಕ್ತಪರೀಕ್ಷೆಯಲ್ಲಿ ಡಿ ಕೊರತೆ ಕಂಡವರಿಗೆ ಔಷಧ ಬೇಕೇ ಬೇಕು, ಆದರೆ ಅಲ್ಲಿ ಸಸ್ಯಮೂಲದ ಹೊದಿಕೆ, ಕಲ್ಲುಹೂವಿನಂಥ ಜೀವಿಗಳಿಂದ ತೆಗೆದ ಡಿ3, ಹನಿ ರೂಪದ ಔಷಧ ಇವೆಲ್ಲ ಇರುವುದರಿಂದ ವಿನಾಯಿತಿಯ ಬಾಗಿಲು ತೀರಾ ಕಿರಿದು. ಲ್ಯುಕೀಮಿಯಾದ ರೋಗಿಗೆ ಕೊಡುವ ರೆಟಿನೋಯಿಕ್ ಆಮ್ಲವೂ ಸಾಮಾನ್ಯವಾಗಿ ಬರುವುದು ಜೆಲಟಿನ್ ಹೊದಿಕೆಯಲ್ಲೇ. ಜೆಲಟಿನ್ ನಿಷೇಧ ತಪ್ಪುವಷ್ಟು ಪೂರ್ತಿ ರೂಪಾಂತರಗೊಂಡ ವಸ್ತುವೋ ಅಲ್ಲವೋ ಎಂಬ ಬಗ್ಗೆ ಮುಸ್ಲಿಂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ರೋಗಿಯ ವಿಷಯದಲ್ಲಿ ಚರ್ಚೆ ಅಲ್ಲಿಯವರೆಗೆ ಹೋಗುವುದೇ ಬೇಡ: ನಂಬಿಕಸ್ಥ ವೈದ್ಯರು ಬೇರೆ ದಾರಿಯಿಲ್ಲ ಎಂದರೆ ಅದು ಉಷಸ್ತಿಯ ಕಾಳು.