ಹರೆಯವೂ ನಿಜವೂ

ಕುಪ್ಪೇಲೂರಿನಿಂದ ರಾಣೇಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹದಿನೇಳರ ಹುಡುಗನೊಬ್ಬನು ನಮ್ಮ ಹಳೆಯ ವಿದ್ಯಾರ್ಥಿ. ಊರಲ್ಲಿ ಅವನ ಹಣೆಯ ಮೇಲೆ ವಿಭೂತಿ ಎದ್ದು ಕಾಣುತ್ತಿತ್ತು. ಒಂದು ದಿನ ಪೇಟೆಯಲ್ಲಿ ಕಂಡಾಗ ಹಣೆ ಬರಿದಾಗಿತ್ತು. ಕರೆದು ಗದರಿಸಿದೆನು. ಅವನು ತಲೆ ತಗ್ಗಿಸಿ, "ಗುರುಗಳೇ, ಮನೆಯಲ್ಲಿ ಅಪ್ಪನಿಗೆ ಅಂಜಿ ಧರಿಸುತ್ತೇನೆ, ಇಲ್ಲಿ ಗೆಳೆಯರಿಗೆ ಅಂಜಿ ಒರೆಸಿಕೊಳ್ಳುತ್ತೇನೆ" ಎಂದನು. ಒರೆಸಿದ್ದೊಂದೇ ತಪ್ಪೆಂದು ನಾನು ಎಣಿಸಿದ್ದೆನು. ಧರಿಸಿದ್ದೂ ಅವನದಾಗಿರಲಿಲ್ಲವೆಂಬುದು ಆಗ ತಿಳಿಯಿತು.

ಸಂಸ್ಕೃತದಲ್ಲಿ 'ನಿಜ'ವೆಂದರೆ ತನ್ನದು. ಕನ್ನಡದಲ್ಲಿ ಅದೇ ಶಬ್ದಕ್ಕೆ ಸತ್ಯವೆಂಬ ಅರ್ಥ. ಈ ಎರಡು ಅರ್ಥಗಳನ್ನು ಕೂಡಿಸಿ ನೋಡಬೇಕು. ತನ್ನದಾಗದ ಸತ್ಯವು ಎರವಿನ ಒಡವೆಯಂತೆ. ಯಾರಾದರೂ ನಕ್ಕೊಡನೆ ಕಳಚಿಡಬೇಕಾಗುತ್ತದೆ. ಇಷ್ಟಲಿಂಗದ ಮರ್ಮವೂ ಇದೇ ಆಗಿದೆ. ಗುರುವು ಕರುಣಿಸಿದ ಲಿಂಗವನ್ನು ಪ್ರತಿಯೊಬ್ಬನೂ ತನ್ನ ಅಂಗೈಯಲ್ಲಿರಿಸಿಕೊಂಡು ತಾನೇ ಪೂಜಿಸಬೇಕು. ತಂದೆಯು ಮಾಡಿದ ಪೂಜೆ ಮಗನ ಲೆಕ್ಕಕ್ಕೆ ಸೇರದು.

ಹಾಗಾದರೆ ಮಕ್ಕಳು ಮನಬಂದಂತೆ ನಡೆಯಲೆಂದೋ, ಎಂದು ಗೃಹಸ್ಥರು ಕೇಳಬಹುದು. ಅಲ್ಲ. ಗೆಳೆಯರಂತೆ ಕೂದಲು ಕತ್ತರಿಸಿಕೊಂಡು, ಮೊಬೈಲಿನಲ್ಲಿ ಕಂಡಂತೆ ಉಡುಪು ತೊಟ್ಟು, "ಇದು ನನ್ನ ಇಷ್ಟ" ಎನ್ನುವವನು ಮನೆಯ ಅಂಕೆಯನ್ನು ಬಿಟ್ಟು ಬೀದಿಯ ಅಂಕೆಗೆ ಸಿಕ್ಕಿದವನು. ಸ್ವೇಚ್ಛೆ ಬೇರೆ, ಸ್ವನಿಷ್ಠೆ ಬೇರೆ. ಸ್ವೇಚ್ಛೆಯು ಭಾರವನ್ನು ಇಳಿಸಿ ಓಡುತ್ತದೆ. ಸ್ವನಿಷ್ಠೆಯು ಭಾರವನ್ನು ತಾನಾಗಿ ಹೊರುತ್ತದೆ.

ಬಸವಣ್ಣನವರು ಜನಿವಾರವನ್ನು ತೊರೆದರೆಂದು ಹರಿಹರನೂ, ಉಪನಯನವನ್ನೇ ಒಲ್ಲೆನೆಂದರೆಂದು ಭೀಮಕವಿಯೂ ಹೇಳುತ್ತಾರೆ. ಕಥನ ಬೇರೆಯಾದರೂ ಕೂಡಲಸಂಗಮದ ದಾರಿ ಒಂದೇ. ಅವರು ಆಚಾರಕ್ಕೆ ಬೇಸತ್ತು ಹೊರಟವರಲ್ಲ; ಅದಕ್ಕಿಂತ ಕಠಿಣವಾದ ಆಚಾರವನ್ನರಸಿ ಹೊರಟವರು.

ದೂರದ ಮಾತೇಕೆ? ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1911ರಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿದ್ದ ಕನ್ನಡಿಗರು ಅವರೊಬ್ಬರೇ. ಆಗ ಅವರಿಗೆ ಹದಿನೆಂಟು ವರುಷ. ಅಲ್ಲಿ ಎಲ್ಲರಿಗೂ ಒಂದೇ ಖಾದಿ, ಒಂದೇ ನಿಯಮ, ಒಂದೇ ಹಾದಿ. ಹೊರಗೆ ನೋಡಿದರೆ ಆ ತರುಣನ ಪ್ರತ್ಯೇಕತೆ ಎಲ್ಲಿಯೂ ಕಾಣಲಾರದು. ಆದರೆ ಆ ಹೆಜ್ಜೆ ಅವರದೇ ಆಗಿತ್ತೆಂಬುದಕ್ಕೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಅವರ ಮರಣವೇ ಸಾಕ್ಷಿ. ಬೇರೆಯಾಗಿ ಕಾಣುವುದು ವ್ಯಕ್ತಿತ್ವವಲ್ಲ. ಕಂಡುಕೊಂಡುದನ್ನು ಬಿಡದಿರುವುದು ವ್ಯಕ್ತಿತ್ವ. ಸಾವಿರ ಹಣೆಗಳ ಮೇಲೆ ಒಂದೇ ಬಗೆಯ ವಿಭೂತಿ ಇದ್ದರೂ, ಅರಿತು ಧರಿಸಿದವನ ವಿಭೂತಿ ಅವನದೇ.

ನಾನು ಆ ಹುಡುಗನಿಗೆ ಹೇಳಿದೆನು: "ಅರಿವಾದ ದಿನ ಧರಿಸು. ಅಲ್ಲಿಯವರೆಗೆ ಊರಿಗೊಂದು ಪೇಟೆಗೊಂದು ಮುಖ ಬೇಡ. ಇದನ್ನು ನಿನ್ನ ತಂದೆಗೆ ನೀನೇ ತಿಳಿಸು." ಅವನು ತಿಳಿಸಿದನು. ತಂದೆ ಸಿಟ್ಟಿನಿಂದ ನನ್ನಲ್ಲಿಗೆ ಬಂದು, "ಮಠದ ಶಾಲೆಯ ಗುರುಗಳೇ ಹೀಗೆ ಹೇಳಿದರೆ ಮಕ್ಕಳ ಗತಿಯೇನು?" ಎಂದರು. ನಾನು ಮೆಲ್ಲನೆ ಕೇಳಿದೆನು: "ವಿಭೂತಿಯನ್ನು ಏಕೆ ಧರಿಸುತ್ತೇವೆಂದು ಅವನಿಗೆ ಎಂದಾದರೂ ಹೇಳಿದ್ದೀರಾ?" ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಯಾರೂ ಹೇಳಲಿಲ್ಲ" ಎಂದರು.

ಹುಡುಗನ ಹಣೆ ಇಂದಿಗೂ ಬರಿದಾಗಿಯೇ ಇದೆ. ಅದನ್ನು ಕಂಡಾಗ ನನಗೆ ನೋವಾಗುವುದುಂಟು, ಅದನ್ನು ಮುಚ್ಚಿಡಲಾರೆ. ಆದರೆ ಸಂಜೆ ತಂದೆ ಮಗ ಜೊತೆಯಾಗಿ ಮಠದ ಅನುಭಾವಗೋಷ್ಠಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಮಗ ಪ್ರಶ್ನೆ ಕೇಳುತ್ತಾನೆ; ತಂದೆ ಉತ್ತರಕ್ಕೆ ಕಿವಿಗೊಡುತ್ತಾರೆ. ಅಂಜಿಕೆಯ ವಿಭೂತಿಗಿಂತ ಅಂಜದ ಪ್ರಶ್ನೆಯು ಲಿಂಗಕ್ಕೆ ಹತ್ತಿರವೆಂದು ನಂಬಿ ಕಾಯುತ್ತಿದ್ದೇನೆ.