ಕೆಚ್ಚುವ ಹೊತ್ತು

ಹೋಗುವುದಕ್ಕೆ ನಾವು ಎಷ್ಟೊಂದು ಸಿದ್ಧತೆ ಮಾಡಿಕೊಳ್ಳುತ್ತೇವೆ! ಪಾಸ್‌ಪೋರ್ಟು, ವೀಸಾ, ವಿಮೆಯ ಕಾಗದ, ಬಿಪಿ ಗುಳಿಗೆ, ಪಂಚೆಯಲ್ಲಿ ಸುತ್ತಿದ ಕಡಕ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ. ಮರಳಿ ಬರುವುದಕ್ಕೆ ಮಾತ್ರ ಯಾವ ಸಿದ್ಧತೆಯೂ ಇಲ್ಲ. ಮನೆ ಇದ್ದಲ್ಲೇ ಇದೆಯಲ್ಲ, ಬೀಗ ತೆಗೆದು ಒಳಗೆ ಕಾಲಿಟ್ಟರಾಯಿತು ಎಂದುಕೊಂಡಿರುತ್ತೇವೆ. ಹಾಗೆಂದುಕೊಂಡೇ ನಾನೂ ನನ್ನ ಗೆಳೆಯನೂ 82 ದಿನ ರಜೆಯೆಂದು ಇಟಲಿಯಲ್ಲಿದ್ದು, ಕಳೆದ ಅಕ್ಟೋಬರಿನಲ್ಲಿ ಊರಿಗೆ ಬಂದೆವು.

ನೌಕರಿ ಮುಗಿದವರಿಗೆ ರಜೆ ಎಲ್ಲಿಯದು ಎಂದು ನೀವು ಕೇಳಬಹುದು. ನಿಜ, ನಮ್ಮಿಬ್ಬರಿಗೂ ಈಗ ಬಾರಾ ಮಹಿನಾ ರಜೆಯೇ. ಅವನು ಗದಗಿನವ, ಮುದ್ರಣಕ್ಕೆ ಹೆಸರಾದ ಆ ಊರಿನಲ್ಲಿ ಸಣ್ಣದೊಂದು ಪ್ರೆಸ್ಸು ನಡೆಸಿದವ. ನಾನು ಬೆಟಗೇರಿಯವ, ಸೀಮೆಸುಣ್ಣ ಹಿಡಿದು ಹೊಟ್ಟೆ ಹೊರೆದವ. ಹೊರಗಿನವರಿಗೆ ಗದಗ-ಬೆಟಗೇರಿ ಒಂದೇ ಊರು, ಒಂದೇ ನಗರಸಭೆ, ಹೆಸರಿನ ನಡುವೆ ಒಂದು ಗೀಟು ಅಷ್ಟೇ. ಆ ಗೀಟು ಎಷ್ಟು ಉದ್ದವೆಂಬುದು ನಮಗೆ ಮಾತ್ರ ಗೊತ್ತು. ಗೆಳೆಯನ ಮಗ ತುರಿನ್ ಪಟ್ಟಣದಲ್ಲಿ ನೌಕರಿ ಮಾಡುತ್ತಾನೆ. ಅಪ್ಪನನ್ನು ಕರೆದ, ಅಪ್ಪ ನನ್ನನ್ನೂ ಎಳೆದ. ಅವನಿಗೊಂದು ಹಳೆಯ ಆಸೆ ಇತ್ತು. 1501ರಲ್ಲಿ ವೆನಿಸ್ಸಿನ ಆಲ್ದೊ ಮನೂತ್ಸಿಯೊ ಎಂಬ ಮುದ್ರಕ ಓರೆ ಅಕ್ಷರದಲ್ಲಿ ಪುಸ್ತಕ ಅಚ್ಚುಹಾಕಿದ. ಇಟಲಿಯಿಂದ ಬಂದದ್ದೆಂದು ಆ ಅಕ್ಷರಕ್ಕೆ ಇಟಾಲಿಕ್ ಎಂಬ ಹೆಸರಾಯಿತು. "ಜನ್ಮ ಪೂರ್ತಿ ಇಟಾಲಿಕ್ ಹಾಕು, ಇಟಾಲಿಕ್ ತಗಿ ಅಂತ ಒದರೇನಿ. ಆ ಊರ ಮಣ್ಣ ಒಮ್ಮಿ ತುಳೀಬೇಕು" ಎನ್ನುತ್ತಿದ್ದ. ವೆನಿಸ್ಸಿನಲ್ಲಿ ತುಳಿಯಲು ಮಣ್ಣೆಲ್ಲಿ? ಕಲ್ಲು, ನೀರು, ಮತ್ತೆ ಕಲ್ಲು. ಆದರೂ ಒಂದು ಓಣಿಯಲ್ಲಿ ನಿಂತು ಗೋಡೆಯನ್ನು ಅಂಗೈಯಿಂದ ಮುಟ್ಟಿ, ಆ ಕೈಯನ್ನು ಕಿಸೆಯಲ್ಲಿಟ್ಟುಕೊಂಡ.

ರೋಮಿನ ಟ್ರೆವಿ ಕಾರಂಜಿಗೆ ಬೆನ್ನು ಮಾಡಿ, ಭುಜದ ಮೇಲಿಂದ ನಾಣ್ಯ ಎಸೆದರೆ ಮತ್ತೊಮ್ಮೆ ಆ ಊರಿಗೆ ಬರುತ್ತಾರೆಂದು ನಂಬಿಕೆ. ನಾನು ಕಿಸೆಗೆ ಕೈ ಹಾಕಿದೆ. ಗೆಳೆಯ ತಡೆದ. "ಬರಾಕ ಮುಂಗಡ ಕೊಡೂದು ಎಲ್ಲೀದೋ? ನಮ್ಮ ಊರಾಗ ಹೋಗುವಾಗ 'ಬರ್ತೀನಿ' ಅಂದ್ರ ಸಾಕು, ಊರು ನಂಬತೈತಿ." ನಾವು ಅವನ ಮಾತಿಗೆ ನಕ್ಕೆವು. ಆದರೆ ಹೇಳಿ, ಊರು ನಿಜವಾಗಿ ನಂಬುತ್ತದೆಯೇ? ನಂಬಿ ಕಾಯುತ್ತದೆಯೇ?

ಮುಂಬಯಿಯಲ್ಲಿ ವಿಮಾನ ಇಳಿದು, ಸೋಲಾಪುರ ವಿಜಯಪುರದ ಮೇಲೆ ಬರುವ ರೈಲು ಹತ್ತಿದೆವು. ಆಲಮಟ್ಟಿಯಲ್ಲಿ ಕೃಷ್ಣೆ, ಹೊಳೆಆಲೂರಿನಲ್ಲಿ ಮಲಪ್ರಭೆ, ಆಮೇಲೆ ಕಣ್ಣು ಹಾಯುವವರೆಗೂ ಎರಿ ನೆಲ. ಎರಡೂವರೆ ತಿಂಗಳು ಎಡೆಬಿಡದೆ ಮಾತಾಡಿದ ನಾವಿಬ್ಬರೂ ಬಾದಾಮಿ ದಾಟಿದ ಮೇಲೆ ಮಾತು ನಿಲ್ಲಿಸಿದೆವು. ಗದಗ ನಿಲ್ದಾಣದಲ್ಲಿ ಎರಡು ಆಟೋ ಬಂದವು, ಒಂದು ಆ ಕಡೆ, ಒಂದು ಈ ಕಡೆ. "ಬರ್ತೀನಿ" ಎಂದ ಅವನು. "ಬಾ" ಎಂದೆ ನಾನು. 82 ದಿನ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಬಾಟಲಿಯ ನೀರು ಕುಡಿದವರು ಇಷ್ಟರಲ್ಲಿ ಮುಗಿಸಿದೆವು.

ಮನೆಯ ಮುಂದೆ ಇಳಿದಾಗ ಮಧ್ಯಾಹ್ನ ಮೂರು. ಓಣಿಯಲ್ಲಿ ಯಾರಾದರೂ ಓಡಿಬಂದು ಕೈ ಹಿಡಿದಾರು ಎಂಬ ಸಣ್ಣದೊಂದು ಆಸೆ ನನ್ನೊಳಗೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಪಕ್ಕದ ನೇಕಾರರ ಮನೆಯ ತಾಯಿ ಓಡಿಬಂದರು, ಆದರೆ ಎರಡೂ ಕೈಯಲ್ಲಿ ಕೊಡ. "ಮಾಸ್ತರ್ರ, ಛಲೋ ಹೊತ್ತಿಗೆ ಬಂದ್ರಿ. ನಳ ಬಂದಾವು, ಮೊದಲ ನೀರ ಹಿಡೀರಿ!" ನಮ್ಮಲ್ಲಿ ನಳ ಬರುವುದೆಂದರೆ ಏನೆಂದು ನಮ್ಮವರಿಗೆ ಹೇಳಬೇಕೆ? ಎಷ್ಟೋ ದಿನಕ್ಕೊಮ್ಮೆ ಬರುವ ಅತಿಥಿ ಅದು, ನನಗಿಂತ ಅಪರೂಪದ್ದು. ಗಾಲಿಯ ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಬಿಟ್ಟು, ತುಕ್ಕು ಹಿಡಿದ ಬೀಗದೊಡನೆ ಗುದ್ದಾಡಿ, ಬೂಟು ಕೂಡ ಬಿಚ್ಚದೆ ಕೊಡ ಹಿಡಿದೆ. ರೋಮಿನ ಓಣಿ ಓಣಿಗಳಲ್ಲಿ ಹಗಲೂ ರಾತ್ರಿ ಸುರಿಯುವ ಕುಡಿನೀರ ನಳಗಳನ್ನು ಹಿಂದಿನ ವಾರವಷ್ಟೇ ಕಂಡಿದ್ದೆ. ಹೋಲಿಸಬೇಕೆಂದರೂ ಹೋಲಿಸಲು ಹೊತ್ತಿರಲಿಲ್ಲ. ಹಂಡೆ ತುಂಬಬೇಕಿತ್ತು.

ಆ ಸಂಜೆ ಯೋಚಿಸಿದೆ. ನಾವು ಇಲ್ಲದಾಗಲೂ ಊರು ತನ್ನ ನೀರು ತಾನು ತುಂಬಿಕೊಂಡಿದೆ. ಯಾರದೋ ಮದುವೆ ಆಗಿದೆ, ಯಾರೋ ತೀರಿಕೊಂಡಿದ್ದಾರೆ, ಮೂಲೆಯ ಭಜಿ ಅಂಗಡಿಯವ ಬಂಡಿಯನ್ನು ಎದುರು ಬದಿಗೆ ಸರಿಸಿದ್ದಾನೆ. ನಮ್ಮ ಗೈರುಹಾಜರಿಯಿಂದ ಯಾವುದೂ ನಿಂತಿಲ್ಲ. ಇದು ನೋಯಬೇಕಾದ ಮಾತೇ? ಮೊದಲು ನೊಂದದ್ದು ಹೌದು. ಆದರೆ ನಾವು ಇಲ್ಲದಿದ್ದರೆ ನಡೆಯದ ಮನೆಯನ್ನು ಬಿಟ್ಟು ಹೊರಗೆ ಕಾಲಿಡುವ ಧೈರ್ಯ ಯಾರಿಗಿದ್ದೀತು? ನಮ್ಮ ಹಂಗಿಲ್ಲದೆ ನಡೆದೂ ನಮ್ಮ ಕೊಡಕ್ಕೆ ಸಾಲಿನಲ್ಲಿ ಜಾಗ ಬಿಟ್ಟಿತಲ್ಲ, ಊರಿನ ಪ್ರೀತಿ ಬಹುಶಃ ಅಷ್ಟೇ, ಅಷ್ಟು ದೊಡ್ಡದು.

ಮಾರನೆಯ ದಿನದಿಂದ ಕೇಳುವವರು ಬಂದರು. "ಹೆಂಗಿತ್ರೀ ಆ ದೇಶ?" ಏನು ಹೇಳುವುದು? ಪೊಲೆಂಟಾ ಎಂದು ಬಡಿಸಿದ್ದು ನಮ್ಮ ಗೋವಿನಜೋಳದ ನುಚ್ಚಿನಂತೆಯೇ ಇತ್ತು ಎಂದರೆ ಅವರಿಗೆ ನಿರಾಸೆ. ಹೊಳೆಯೇ ಓಣಿಯಾದ ಊರಿದೆ ಎಂದರೆ ಬಾಯಿ ತೆರೆಯುತ್ತಾರೆ. ಕೇಳುವವರ ಮುಖ ನೋಡುತ್ತ ನಾನು ನಾಲ್ಕನೆಯ ದಿನಕ್ಕೆ ಗೋಪುರಗಳನ್ನು ಎತ್ತರಿಸತೊಡಗಿದ್ದೆ, ಚಳಿಯನ್ನು ಹೆಚ್ಚಿಸತೊಡಗಿದ್ದೆ. ಆಗ ನಿಕೊಲೊ ಕೊಂತಿ ನೆನಪಾದ. ವೆನಿಸ್ ಬಗಲಿನ ಕಿಯೊಜ್ಜಾ ಊರಿನವನು, ಹದಿನೈದನೆಯ ಶತಮಾನದಲ್ಲಿ ನಮ್ಮ ವಿಜಯನಗರವನ್ನು ಕಂಡುಹೋದವನು. ಕಾಲು ಶತಮಾನ ಅಲೆದು ಮರಳುವ ದಾರಿಯಲ್ಲಿ ಜೀವಭಯಕ್ಕೆ ತನ್ನ ಮತವನ್ನೇ ಬಿಟ್ಟಿದ್ದ. ಹೆಂಡತಿಯನ್ನೂ ಎರಡು ಮಕ್ಕಳನ್ನೂ ಈಜಿಪ್ತಿನಲ್ಲಿ ಕಳೆದುಕೊಂಡ. ಊರಿಗೆ ಬಂದು ಪೋಪ್ ನಾಲ್ಕನೆಯ ಯುಜೀನನ ಮುಂದೆ ಕ್ಷಮೆ ಬೇಡಿದಾಗ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತ ಏನೆಂದು ಬಲ್ಲಿರಾ? ಪೋಪನ ಕಾರ್ಯದರ್ಶಿ ಪೊಜ್ಜೊ ಎಂಬ ವಿದ್ವಾಂಸನ ಮುಂದೆ ಕೂತು, ಕಂಡದ್ದನ್ನು ಕಂಡಂತೆ ಹೇಳುವುದು. ಮರಳಿದವನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಇದ್ದೀತೆ?

ಕಂಡಂತೆ ಹೇಳಬೇಕೆಂದರೆ ಪಕ್ಕದಲ್ಲಿ ಸಾಕ್ಷಿ ಬೇಕು. ಗೆಳೆಯ ಜೊತೆಗಿದ್ದಾಗ ನಾನು ಒಂದಿಂಚೂ ಹೆಚ್ಚು ಹೇಳಲಾರೆ. "ಲೇ, ಅಷ್ಟ ಇದ್ದಿಲ್ಲ ತಗೋ" ಎಂದುಬಿಡುತ್ತಾನೆ. ಜೊತೆಗಾರನೊಡನೆ ಹೋಗುವುದರಿಂದ ದಾರಿ ಸಾಗುತ್ತದೆ ಎನ್ನುತ್ತಾರೆ ಹಿರಿಯರು. ಮರಳಿದ ಮೇಲೆ ಆತ ಇನ್ನೂ ಹೆಚ್ಚು ಬೇಕಾಗುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ಅವನಿಲ್ಲದೆ ನನಗೇ ಸಂಶಯ, ನಾನು ಹೋಗಿದ್ದು ದಿಟವೇ? ಆ ದೇಶದ ಗಡಿಯಾರ ಆಗ ನಮಗಿಂತ ಮೂರೂವರೆ ತಾಸು ಹಿಂದೆ. ರಾತ್ರಿ ಒಂದೂವರೆಗೂ ನಿದ್ದೆ ಹತ್ತದೆ ಹೊರಳುತ್ತಿದ್ದಾಗ ಫೋನು ಬಂತು. "ಎಚ್ಚರದಿಯೇನೋ?" "ಅದೇನಿ." "ನಾನೂ." ಅಷ್ಟೇ ಮಾತು. ಊರೆಲ್ಲ ಮಲಗಿದಾಗ ಎರಡು ಮುದಿ ಜೀವಗಳು ಬೇರೊಂದು ದೇಶದ ಹತ್ತು ಗಂಟೆಯಲ್ಲಿ ಕೂತಿದ್ದವು.

ಕೊಂತಿಯ ಹಾಗೆಯೇ ಇಟಲಿಯಿಂದ ನಮ್ಮ ನಾಡಿಗೆ, ಇಕ್ಕೇರಿಗೆ, ಬಂದ ಪಿಯೆತ್ರೊ ದೆಲ್ಲಾ ವಾಲ್ಲೆಯ ಹೆಸರನ್ನು ಇತಿಹಾಸ ಓದಿದವರು ಕೇಳಿರುತ್ತಾರೆ. ರೋಮಿನ ಸಿರಿವಂತರ ಮಗ. ಪ್ರೇಮ ಕೈಗೂಡದೆ ಕಂಗೆಟ್ಟಾಗ ನೇಪಲ್ಸಿನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊ ಅವನನ್ನು ದೇಶಾಟನೆಗೆ ಹೊರಡಿಸಿದ. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಆ ಗೆಳೆಯನಿಗೇ ಪತ್ರ ಬರೆದ. ಬಾಗ್ದಾದಿನಲ್ಲಿ ಮಾನಿ ಎಂಬವಳನ್ನು ಮದುವೆಯಾದ. ಪರ್ಶಿಯಾದ ಕರಾವಳಿಯಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಅಲ್ಲಿ ಮಣ್ಣು ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ದೇಹ ಕೆಡದಂತೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು, ತನ್ನ ಸಾಮಾನಿನೊಳಗೆ ಸಾಮಾನಾಗಿಸಿ ನಾಲ್ಕು ವರುಷಕ್ಕೂ ಮಿಕ್ಕಿ ಹೊತ್ತು ತಿರುಗಿದ. 1626ರ ಮಾರ್ಚಿನಲ್ಲಿ ರೋಮಿಗೆ ಮುಟ್ಟಿದ. ಆರಾಚೇಲಿ ಎಂಬ ಇಗರ್ಜಿಯಲ್ಲಿ ತನ್ನ ಮನೆತನದ ನೆಲೆಯಲ್ಲಿ ಅವಳನ್ನು ಮಲಗಿಸಿದ. ಅವಳ ಮಟ್ಟಿಗೆ ಅದು ಮರಳುವುದಾಗಿರಲಿಲ್ಲ. ಆ ಮನೆಯನ್ನು ಆಕೆ ಕಂಡೇ ಇರಲಿಲ್ಲ.

ಆ ಇಗರ್ಜಿಗೆ 124 ಮೆಟ್ಟಿಲು. ನಾವಿಬ್ಬರೂ ಮೂರು ಕಡೆ ಕೂತು ಎದ್ದು ಹತ್ತಿದೆವು. ಒಳಗಿನ ತಂಪಿನಲ್ಲಿ ನಿಂತಾಗ ನನ್ನ ಕೈ ತಾನಾಗಿ ಚೀಲದ ಒಳಜೇಬಿಗೆ ಹೋಯಿತು. ಅಲ್ಲೊಂದು ಫೋಟೋ ಇತ್ತು. ಆರು ವರುಷದಿಂದ ನಮ್ಮ ಪಡಸಾಲೆಯ ಗೂಡಿನಲ್ಲಿದ್ದದ್ದನ್ನು ಹೊರಡುವ ದಿನ ಎತ್ತಿಕೊಂಡಿದ್ದೆ, ಗೆಳೆಯನಿಗೂ ಹೇಳಿರಲಿಲ್ಲ. ಅವನು ನೋಡಿದ, ನೋಡದವನಂತೆ ಚಾವಣಿಯ ಬಂಗಾರದ ಕೆಲಸವನ್ನು ಹೊಗಳತೊಡಗಿದ.

ಇದೇ ದೆಲ್ಲಾ ವಾಲ್ಲೆ 1623ರ ನವೆಂಬರಿನಲ್ಲಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬರುವ ಹಾದಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರನ್ನು ಕಂಡ. ನೆಲಕ್ಕೆ ನುಣ್ಣನೆ ಮರಳು ಹರವಿ, ಲೆಕ್ಕವನ್ನು ರಾಗವಾಗಿ ಹಾಡುತ್ತ, ಬೆರಳಿನಿಂದ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ, ಹೊಸ ಮರಳು ಉದುರಿಸಿ, ಮತ್ತೆ ಬರೆಯುತ್ತಿದ್ದರು. ಕಾಗದವೂ ಇಲ್ಲ, ಮಸಿಯೂ ಇಲ್ಲ. ಮರೆತರೆ ತಿದ್ದುವವರು ಯಾರು ಎಂದು ಕೇಳಿದನಂತೆ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವೇ ಎಂಬರ್ಥದ ಉತ್ತರ ಬಂತು. ಮೂವತ್ತು ವರುಷ ಮಗ್ಗಿ ಹೇಳಿಸಿದ ನನಗೆ ಈ ಸಂಗತಿ ಎಂದಿನಿಂದಲೂ ಪ್ರಿಯ. ಆದರೆ ಈಗ ಅದರ ಬೇರೊಂದು ಮಗ್ಗುಲು ಕಾಣುತ್ತಿದೆ. ಕಳೆದುಕೊಂಡದ್ದನ್ನು ಅಳಿಯಗೊಡದೆ ಪೆಟ್ಟಿಗೆಯಲ್ಲಿಟ್ಟು ಭೂಮಿಯ ಅರ್ಧ ಸುತ್ತು ಹೊತ್ತವನು ಜಗಲಿಯ ಕೆಳಗೆ ನಿಂತಿದ್ದಾನೆ. ಜಗಲಿಯ ಮೇಲೆ ಬರೆದದ್ದನ್ನೆಲ್ಲ ಅಂಗೈಯಿಂದ ಒರೆಸುವ ಮಕ್ಕಳು. ಅವರಲ್ಲಿ ಯಾರದು ಸರಿ? ಹೊತ್ತವನನ್ನು ಹುಚ್ಚನೆನ್ನಲು ನನಗೆ ಬಾಯಿ ಬರುವುದಿಲ್ಲ. ಒರೆಸಿದವರನ್ನು ಮರೆತವರೆನ್ನಲೂ ಬಾರದು. ಅಕ್ಷರ ಅಳಿದರೂ ಲೆಕ್ಕ ಅವರ ದನಿಯಲ್ಲಿ ಉಳಿಯುತ್ತಿತ್ತಲ್ಲ? ಫೋಟೋವನ್ನು ನಾನು ಬಂದ ರಾತ್ರಿಯೇ ಗೂಡಿನಲ್ಲಿಟ್ಟೆ. ಎತ್ತಿದ್ದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿರಬಹುದೆಂದು ನೋಡಿದೆ. ಅದರ ಮೇಲೂ ಧೂಳು ಕೂತಿತ್ತು.

"ಇಲ್ಲಿ ಇಲ್ಲದ್ದು ಅಲ್ಲೇನಿತ್ರೀ?" ಎಂದು ಪಕ್ಕದ ಮನೆಯ ನೇಕಾರ ಕೇಳಿದ. ಕುಹಕವಿಲ್ಲದ ಪ್ರಶ್ನೆ. ಉತ್ತರಕ್ಕೆ ನಮ್ಮೂರ ಹುಡುಗನ ಕಥೆಯನ್ನೇ ಹೇಳಿದೆ. 1933ರಲ್ಲಿ ಗದಗಿನ ಮನೆಯಿಂದ ಭೀಮಸೇನ ಜೋಶಿ ಗುರುವನ್ನು ಅರಸಿ ಓಡಿಹೋದದ್ದು, ಗ್ವಾಲಿಯರ್, ಕೋಲ್ಕತ್ತ, ಜಲಂಧರ ಎಂದು ಅಲೆದದ್ದು ಎಲ್ಲರಿಗೂ ಗೊತ್ತು. ಅಷ್ಟು ದೂರದ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ತೋರಿಸಿದ ದಾರಿ ತಿರುಗಿ ಎತ್ತ ಬಂತು? ನಮ್ಮ ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಮನೆಗೆ. ನೇಕಾರ ತಲೆದೂಗಿದ. "ಹಂಗಾರ ಹೋಗದಿದ್ರೂ ನಡೀತಿತ್ತು." ನಾನು ಸುಮ್ಮನಾದೆ. ನಡೆಯುತ್ತಿತ್ತೇ? ಮನೆಯ ಹಿತ್ತಿಲಿನಲ್ಲಿರುವ ಬಾವಿಯ ವಿಳಾಸವನ್ನು ಕೆಲವೊಮ್ಮೆ ಪರದೇಶದವರೇ ಹೇಳಬೇಕಾಗುತ್ತದೆ, ಯಾಕೋ ತಿಳಿಯದು.

ಒಂಬತ್ತನೆಯ ದಿನ ಬೆಳಿಗ್ಗೆ ಗೆಳೆಯ ಸೈಕಲ್ ತುಳಿದುಕೊಂಡು ಬಂದ. ಇಬ್ಬರೂ ನೇಕಾರನ ಪಡಸಾಲೆಯಲ್ಲಿ ಕೂತೆವು. ಕುಣಿ ಮಗ್ಗದ ಸದ್ದು ಅಂದು ಇರಲಿಲ್ಲ. ಹಳೆಯ ಹಾಸು ಮುಗಿದು ಹೊಸ ಹಾಸು ಬಂದಿತ್ತು, ಅವನು ಕೆಚ್ಚುತ್ತಿದ್ದ. ಬೆಟಗೇರಿಯಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ನೂರು ಸಲ ಕಂಡಿದ್ದೇನೆ, ಕೂತು ನೋಡಿದ್ದು ಅಂದೇ ಮೊದಲು. ಮಗ್ಗದಲ್ಲಿ ಉಳಿದ ಹಳೆಯ ಎಳೆಯ ತುದಿಯೊಂದನ್ನು ಎಡಗೈಯಲ್ಲಿ ಎತ್ತುತ್ತಾನೆ, ಹೊಸ ಹಾಸಿನಿಂದ ಅದಕ್ಕೆ ಸಲ್ಲುವ ಎಳೆಯನ್ನು ಬಲಗೈಯಲ್ಲಿ ಹುಡುಕುತ್ತಾನೆ. ಬೆರಳಿಗೆ ಚೂರು ಬೂದಿ. ಎರಡನ್ನೂ ಕೂಡಿಸಿ ಒಮ್ಮೆ ಹೊಸೆದರೆ ಗಂಟು ಕಾಣದಂತೆ ಕೂಡುತ್ತವೆ. ಹೀಗೆ ಸಾವಿರಾರು ಎಳೆ. ಒಂದು ತಪ್ಪಿ ಇನ್ನೊಂದಕ್ಕೆ ಬಿದ್ದರೆ ಸೀರೆಯುದ್ದಕ್ಕೂ ಅದು ಕಾಣುತ್ತದೆ. ಲಾಳಿ ಅಷ್ಟು ಹೊತ್ತೂ ಬದಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ.

ನಾವು ಒಂದೇ ದಿನದಲ್ಲಿ ಮರಳಿ ಬಂದೆವೆಂದು ಯಾಕೆ ತಿಳಿಯುತ್ತೇವೆ? ನಿದ್ದೆ ಕೂಡಿದ್ದು ಆರನೆಯ ದಿನ. ರೊಟ್ಟಿಯ ರುಚಿ ಮೊದಲ ತುತ್ತಿಗೇ ಕೂಡಿತು. ಎದುರು ಮನೆಯಲ್ಲಿ ತೀರಿಕೊಂಡವರಿಗಾಗಿ ಅಳುವುದು ಇನ್ನೂ ಕೂಡಿಲ್ಲ. ಅವರು ಅಲ್ಲೇ ಕಟ್ಟೆಯ ಮೇಲಿದ್ದಾರೆಂದೇ ಕಣ್ಣು ಹುಡುಕುತ್ತದೆ.

"ಎಷ್ಟ ಹೊತ್ತ ಹಿಡೀತದೋ ಇದಕ್ಕ?" ಗೆಳೆಯ ಕೇಳಿದ. ಅಚ್ಚುಮೊಳೆ ಒಂದೊಂದಾಗಿ ಜೋಡಿಸಿದ ಅವನ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು.

"ಹಿಡದಷ್ಟ ಹಿಡೀತದ್ರಿ" ಎಂದ ನೇಕಾರ, ತಲೆ ಎತ್ತದೆ. ನಾನು ಇನ್ನೂ ಸರಿಯಾಗಿ ಕಾಣಲೆಂದು ಎದ್ದು ಬಾಗಿಲ ಬಳಿ ಬಗ್ಗಿ ನಿಂತೆ. ಅವನು ಕೈ ನಿಲ್ಲಿಸಿದ.

"ಮಾಸ್ತರ್ರ, ಚೂರು ಆಕಡೆ ಸರೀರಿ. ಬೆಳಕಿಗೆ ಅಡ್ಡಾಗೇರಿ."

ಸರಿದು ನಿಂತೆ.