ಕ್ಷಮೆ ಮತ್ತು ದೂರು

ಅನ್ಯಾಯವನ್ನು ಸಹಿಸುವುದೇ ಕ್ಷಮೆಯೆಂಬ ಭಾವನೆ ಬಲವಾಗಿದ್ದರೂ, ಕಲ್ಯಾಣದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು, ಶಾಸ್ತ್ರ ಹಾಗೂ ಆಚಾರಗಳಿಗೆ ವಿರುದ್ಧವಾಗಿ ಪೀಡಿತನಾದವನು ರಾಜನಿಗೆ ನಿವೇದಿಸಿಕೊಂಡಾಗ ‘ವ್ಯವಹಾರ’, ಅಂದರೆ ನ್ಯಾಯವಿಚಾರಣೆಯ ವಿಷಯ, ಹುಟ್ಟುತ್ತದೆ ಎನ್ನುತ್ತದೆ. ನೊಂದವನ ಮಾತಿನಿಂದಲೇ ನ್ಯಾಯ ಆರಂಭವಾಗುವುದಾದರೆ, ಇಂದು ಬ್ಯಾಂಕಿನಿಂದ ಅನ್ಯಾಯವಾದಾಗ ಅದರ ಮುಂದೆ ಅಂಜಿ ಸುಮ್ಮನಿರುವುದನ್ನು ಕ್ಷಮೆಯೆನ್ನಲಾಗದು. ಕೇಳುವ ಶಕ್ತಿಯಿದ್ದೂ ಬಿಟ್ಟುಕೊಡುವವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ರಿಸರ್ವ್ ಬ್ಯಾಂಕ್ 2021ರಲ್ಲಿ ಜಾರಿಗೆ ತಂದ ಸಮಗ್ರ ಒಂಬುಡ್ಸ್‌ಮನ್ ಯೋಜನೆ, ಅಂದರೆ ಗ್ರಾಹಕರ ದೂರುಗಳನ್ನು ಶುಲ್ಕವಿಲ್ಲದೆ ಇತ್ಯರ್ಥಪಡಿಸುವ ಅಧಿಕಾರಿಯ ವ್ಯವಸ್ಥೆ, ಈ ಶಕ್ತಿಯನ್ನು ಸಾಮಾನ್ಯನ ಕೈಗಿತ್ತಿತು. ಮೊದಲು ಬ್ಯಾಂಕಿಗೋ ಸಾಲ ಕೊಟ್ಟ ಸಂಸ್ಥೆಗೋ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕನು ತಾನೇ ಒಂಬುಡ್ಸ್‌ಮನ್‌ಗೆ ಮೊರೆಹೋಗಬಹುದಾಗಿತ್ತು. ವಕೀಲನೇ ಸ್ವತಃ ನೊಂದ ಗ್ರಾಹಕನಾಗಿದ್ದ ಹೊರತು, ವಕೀಲರ ಮೂಲಕ ಬಂದ ದೂರನ್ನು ಯೋಜನೆ ಅಂಗೀಕರಿಸಲಿಲ್ಲ. ನೊಂದವನ ಸ್ವಂತ ಮಾತಿಗೆ ಇದಕ್ಕಿಂತ ದೊಡ್ಡ ಗೌರವ ಅಪರೂಪ.